ಸಿಂಗಪುರ ನೋಡಿದ ಮೇಲೆ ಕೋಲಾರ ಹೇಗೆ ಕಾಣುತ್ತದೆ ಎಂದು ಕೇಳುವವರಿಗೆ

"ಅಲ್ಲಿಂದ ಬಂದ ಮೇಲೆ ನಮ್ಮ ಊರು ಕೊಳಕು ಅನ್ನಿಸುವುದಿಲ್ಲವೇ?"

2019ರಲ್ಲಿ ಕಾಲೇಜಿನಿಂದ ಹತ್ತು ದಿನಗಳ ಅಧ್ಯಯನ ಪ್ರವಾಸಕ್ಕೆಂದು ಸಿಂಗಪುರಕ್ಕೆ ಹೋಗಿ ಬಂದೆ. ಅಂದಿನಿಂದ ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಹಾಲಿನ ಡೇರಿಯ ಮುಂದೆ ಎಲ್ಲರದೂ ಇದೇ ಪ್ರಶ್ನೆ. ಹೌದು ಎಂದರೆ ಜಂಬದವಳು, ಇಲ್ಲ ಎಂದರೆ ಸುಳ್ಳು ಹೇಳುವವಳು. ಅದರ ಹಿಂದೆಯೇ ಚಿಕ್ಕಮ್ಮನ ಪ್ರಶ್ನೆ: "ಅಲ್ಲಿ ರಸ್ತೆಯಲ್ಲಿ ಉಗಿದರೆ ದಂಡವಂತೆ, ನಿಜವೇನೇ?" ನಿಜ, ಚಿಕ್ಕಮ್ಮ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲ, ನಮ್ಮ ಊರು ಕೊಳಕು ಅನ್ನಿಸುವುದಿಲ್ಲ. ಅಲ್ಲಿನ ರಸ್ತೆ ಚೊಕ್ಕಟವಾಗಿತ್ತು, ಅಷ್ಟೇ.

ನನ್ನನ್ನು ಕಾಡಿದ್ದು ಬೇರೆ. ಬಳಸಿದ ನೀರನ್ನು ಮತ್ತೆ ಕುಡಿಯುವಷ್ಟು ಶುದ್ಧ ಮಾಡುವ ಬಗೆಯನ್ನು ವಿವರಿಸುವ ಕೇಂದ್ರವೊಂದು ಸಿಂಗಪುರದ ಬೆಡೋಕ್‌ನಲ್ಲಿತ್ತು. ಸೂಕ್ಷ್ಮ ಪೊರೆಯಲ್ಲಿ ಸೋಸುವುದು, ಒತ್ತಡ ಹಾಕಿ ಇನ್ನೂ ಸೂಕ್ಷ್ಮವಾದ ಪೊರೆಯಲ್ಲಿ ಹಾಯಿಸುವ ರಿವರ್ಸ್ ಆಸ್ಮಾಸಿಸ್, ಕೊನೆಗೆ ನೇರಳಾತೀತ ಕಿರಣ. ಸಿಂಗಪುರಕ್ಕೆ ನೀರು ಕೊಡಲು ಮಲೇಷ್ಯಾದ ಜೊಹೋರ್ ಜೊತೆ 1962ರಲ್ಲಿ ಆದ ಒಪ್ಪಂದ 2061ಕ್ಕೆ ಮುಗಿಯುತ್ತದೆ, ಅದಕ್ಕೆ ಈಗಲೇ ಸಿದ್ಧತೆ ನಡೆದಿದೆ. "ನಮಗೆ ನಾಲ್ಕು ನಲ್ಲಿಗಳು" ಎಂದು ವಿವರಿಸುತ್ತಿದ್ದ ಮಹಿಳೆ ಬೆರಳು ಮಡಚಿದರು. ಮಳೆ ನೀರು, ಜೊಹೋರ್ ನೀರು, ಶುದ್ಧೀಕರಿಸಿದ ನೀರು, ಉಪ್ಪು ತೆಗೆದ ಸಮುದ್ರದ ನೀರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಊರಿಗೆ?" ಎಂದರು.

ಕೊಳವೆಬಾವಿ ಎಂದೆ. ಎಷ್ಟು ಆಳ? 1,200 ಅಡಿ. ಆಕೆ ಮನಸ್ಸಿನಲ್ಲೇ ಅದನ್ನು ಮೀಟರಿಗೆ ಇಳಿಸಿ, ನಂಬಲಾರದೆ ಮತ್ತೊಮ್ಮೆ ಕೇಳಿದರು. ಅದಕ್ಕೂ ಮೊದಲು? ಕೆರೆ. "ಕೆರೆಯ ನೀರನ್ನು ಹೊಲಗಳಿಗೆ ಹಂಚುತ್ತಿದ್ದವರು ಯಾರು?"

ಗೊತ್ತಿರಲಿಲ್ಲ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ, ಕೆರೆಗಳನ್ನೇ ನಂಬಿ ಬದುಕಿದ ಜಿಲ್ಲೆಯವಳು ನಾನು.

ಊರಿಗೆ ಬಂದವಳೇ ಅಜ್ಜಿಯನ್ನು ಕೇಳಿದೆ. "ನೀರುಗಂಟಿ" ಎಂದು ನಮ್ಮ ಬೀದಿಯ ಕೊನೆಯ ಮನೆಯ ಕಡೆ ಕೈ ತೋರಿಸಿದರು. ಹುಟ್ಟಿದಾಗಿನಿಂದ ಜಗಲಿಯ ಮೇಲೆ ನೋಡಿದ್ದ ತಾತ! ಮರುದಿನ ಅವರು ನನ್ನನ್ನು ಏರಿಯ ಮೇಲೆ ನಡೆಸಿಕೊಂಡು ಹೋದರು. ಕೆರೆಯಿಂದ ನೀರು ಬಿಡುವ ತೂಬನ್ನು ಎಷ್ಟು ಎತ್ತಬೇಕು, ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ಮುಟ್ಟುವವರೆಗೆ ರಾತ್ರಿಯೆಲ್ಲ ಹೇಗೆ ಕಾಯಬೇಕು, ಕೆರೆಯಲ್ಲಿ ಅರ್ಧವೇ ನೀರಿದ್ದ ವರ್ಷ ದೊಡ್ಡ ರೈತನಿಗೂ ಸಣ್ಣ ರೈತನಿಗೂ ಯಾವ ಲೆಕ್ಕದಲ್ಲಿ ಕಡಿಮೆ ಮಾಡಬೇಕು. ಕೆರೆ ತುಂಬಿ ಕೋಡಿ ಬಿದ್ದ ವರ್ಷಗಳೆಲ್ಲ ಅವರಿಗೆ ಬಾಯಿಪಾಠ. ನಾನು ಬರೆದುಕೊಳ್ಳುತ್ತಲೇ ಇದ್ದೆ.

ಆ ಕಾಲಕ್ಕೆ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ನೀರು ಜಿಲ್ಲೆಗೆ ಬಂದು ಒಂದು ವರ್ಷವಾಗಿತ್ತು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ನಮ್ಮ ಕೆರೆಗಳಿಗೆ ಬಿಟ್ಟು ಅಂತರ್ಜಲ ಹೆಚ್ಚಿಸುವ ಯೋಜನೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ಜುಲೈನಲ್ಲಿ ನೊರೆ ಎದ್ದಿತು, ವಿಷಯ ನ್ಯಾಯಾಲಯಕ್ಕೆ ಹೋಯಿತು. ಮೂಗು ಮುಚ್ಚುವವರೂ ಇದ್ದಾರೆ, "ಬತ್ತಿದ ಕೆರೆಗೆ ನೀರು ಬಂತಲ್ಲ, ಸುಮ್ಮನಿರಿ" ಎನ್ನುವವರೂ ಇದ್ದಾರೆ. ಕೊಳಚೆಯನ್ನು ಶುದ್ಧ ಮಾಡಿ ಕುಡಿಯಬಹುದು ಎಂದು ಕಣ್ಣಾರೆ ಕಂಡು ಬಂದವಳು ನಾನು, ಮೂಗು ಮುಚ್ಚಲಾರೆ. ಅದಕ್ಕೆ ಎಷ್ಟು ಹಂತ ಬೇಕೆಂದೂ ಅಲ್ಲೇ ನೋಡಿದ್ದೇನೆ, ಸುಮ್ಮನಿರಲೂ ಆರೆ. ಮೂರನೇ ಹಂತದ ಶುದ್ಧೀಕರಣ ಬೇಕೆಂದು ನಮ್ಮ ರೈತರು ಕೇಳುವುದು ಹಟವಲ್ಲ. ಆ ನೀರು ಇಂಗಿ ಇಳಿಯುವುದು ನಾವು ಕುಡಿಯುವ ಬಾವಿಗೇ.

ಇದನ್ನು ಯಾರೂ ಕೇಳುವುದಿಲ್ಲ. "ಅಲ್ಲಿಯವರು ನಮ್ಮ ಊರಿನ ಬಗ್ಗೆ ಏನು ಕೇಳಿದರು, ನಿನಗೆ ಉತ್ತರ ಗೊತ್ತಿತ್ತೇ?" ಎಂದು ಒಬ್ಬರಾದರೂ ಕೇಳಲಿ ಎಂದು ಇಷ್ಟು ವರ್ಷ ಕಾದಿದ್ದೇನೆ. ಡೇರಿಯ ಮುಂದೆ ಮತ್ತೆ ಸಿಕ್ಕಾಗ ಸಿಂಗಪುರದ ರಸ್ತೆಯನ್ನು ಬಿಡಿ, ನಮ್ಮ ಕೆರೆಯ ತೂಬು ಎಲ್ಲಿದೆ ಎಂದು ಕೇಳಿ. ಅಲ್ಲಿಂದಲೇ ಕರೆದುಕೊಂಡು ಹೋಗಿ ತೋರಿಸುತ್ತೇನೆ. ಸುತ್ತಲೂ ಜಾಲಿ ಬೆಳೆದಿದೆ, ಗಟ್ಟಿ ಚಪ್ಪಲಿ ಹಾಕಿಕೊಂಡು ಬನ್ನಿ.