ವರ್ಷಕ್ಕೊಂದು ಅಕ್ಕಿ ಕಾಳು

ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಬಾಳೆಕಂದು ಕಡಿದು ಹಾಸನಾಂಬೆಯ ಬಾಗಿಲು ತೆಗೆದರೆ, ಬಲಿಪಾಡ್ಯಮಿ ಮುಗಿಯುತ್ತಿದ್ದಂತೆ ಮತ್ತೆ ಬೀಗ. ಈ ಸಲ ನಾನೂ ಧರ್ಮದರ್ಶನದ ಸಾಲಲ್ಲಿ ನಿಂತಿದ್ದೆ. ಎಷ್ಟು ಹೊತ್ತು ಅಂತ ಕೇಳಬೇಡಿ. ಒಳಗೆ ಹೋದರೆ ಬರೀ "ಮುಂದೆ ಹೋಗಿ, ಮುಂದೆ ಹೋಗಿ". ಹೂವಿನ ನಡುವೆ ಅಮ್ಮನ ಮುಖ ಕಂಡಿತು, ಕಣ್ಣು ತುಂಬಿತು, ಕೈ ಮುಗಿಯುವಷ್ಟರಲ್ಲಿ ತಳ್ಳಿಸಿಕೊಂಡು ಮುಂದೆ ಬಂದಿದ್ದೆ. ದುಡ್ಡಿನ ಟಿಕೆಟ್ಟು, ಪಾಸು ಎಲ್ಲ ಬಂದ ಮೇಲೆ ಅಮ್ಮನ ಮುಂದೆ ಸುಮ್ನೆ ನಿಲ್ಲೋದೇ ಕಷ್ಟ ಆಗಿದೆ.

ನಮ್ಮಜ್ಜಿ ಅಮ್ಮನಿಗಿಂತ ಜಾಸ್ತಿ ಹೊತ್ತು ನೋಡುತ್ತಿದ್ದದ್ದು ಸೊಸೆ ಕಲ್ಲನ್ನು. ಅತ್ತೆ ಚಂದ್ರಬಟ್ಟಲಿನಿಂದ ತಲೆಗೆ ಹೊಡೆದಾಗ ನೋವು ತಾಳಲಾರದೆ ಅಮ್ಮನನ್ನು ಕೂಗಿದ ಸೊಸೆ. ಅಮ್ಮ ಅವಳನ್ನು ಕಲ್ಲು ಮಾಡಿ ತನ್ನ ಎದುರಿಗೇ ಇಟ್ಟುಕೊಂಡಳು. ವರ್ಷಕ್ಕೆ ಒಂದು ಅಕ್ಕಿ ಕಾಳಿನಷ್ಟು ಅಮ್ಮನ ಕಡೆ ಸರಿಯುತ್ತಾಳಂತೆ. ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದಂತೆ.

ಚಿಕ್ಕವಳಿದ್ದಾಗ ನನಗೆ ಇದು ಒಪ್ಪಿಗೆಯೇ ಆಗುತ್ತಿರಲಿಲ್ಲ. ಒಡವೆ ಕದಿಯಲು ಬಂದ ಕಳ್ಳರನ್ನೂ ಅಮ್ಮ ಕಲ್ಲು ಮಾಡಿದಳು, ಕಳ್ಳಪ್ಪನ ಗುಡಿ ಅಲ್ಲೇ ಇದೆಯಲ್ಲ. ಪಾಪ ಮಾಡದ ಸೊಸೆಗೂ ಅದೇನಾ? ಅಜ್ಜಿ ಆಗ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು, "ಅಮ್ಮನ ಮುಂದೆ ಕೂತವ್ಳೆ ಕಣ್ ಮಗಾ. ಇನ್ಯಾರು ಹೊಡಿತಾರೆ ಅವಳಿಗೆ?"

ಆಮೇಲೆ ಮೊರದಿಂದ ಒಂದು ಕಾಳು ತೆಗೆದು ಹೆಬ್ಬೆರಳ ಉಗುರಿನ ಮೇಲೆ ಇಟ್ಟು ತೋರಿಸಿದಳು. ಸುಣ್ಣ ತಾಗಿ ತಾಗಿ ಬೆಳ್ಳಗಾಗಿದ್ದ, ಒಂದು ಕಡೆ ಸೀಳಿದ್ದ ಉಗುರು. "ಇಷ್ಟೇ. ವರ್ಷಕ್ಕೆ ಇಷ್ಟೇ ಹತ್ರ ಹೋಗೋದು. ಸಾಕಲ್ವಾ?"

ಅಜ್ಜಿಯೂ ಸೊಸೆಯಾಗಿ ಬಂದವಳೇ. ಆ ಮನೆಯಲ್ಲಿ ಏನೇನು ಉಂಡಳೋ, ನಮಗೆ ಹೇಳಲಿಲ್ಲ. ದಿನಾ ಸಂಜೆ ದೀಪ ಹಚ್ಚಿ, ಅದರ ಪಕ್ಕದಲ್ಲೇ ಗೋಡೆಗೆ ಒರಗಿ ಕೂರುತ್ತಿದ್ದಳು. ಜಪ ಇಲ್ಲ, ಹಾಡಿಲ್ಲ. ಆಗ ಮಾತಾಡಿಸಿದರೂ ಕೇಳಿಸುತ್ತಿರಲಿಲ್ಲ. ಅದು ಭಕ್ತಿ ಅಂತ ನನಗೆ ಗೊತ್ತಾಗಲು ನನ್ನ ಮದುವೆಯಾಗಿ ಹತ್ತು ವರ್ಷ ಬೇಕಾಯಿತು.

ಈ ಸಲ ತಳ್ಳಾಟದಲ್ಲೂ ಆ ಕಲ್ಲಿನ ಕಡೆ ಒಮ್ಮೆ ತಿರುಗಿದೆ. ಅಜ್ಜಿ ಹೋಗಿ 19 ವರ್ಷ. ಮನೆಗೆ ಬಂದವಳೇ ಮೊರದಲ್ಲಿ 19 ಕಾಳು ಸಾಲಾಗಿ ಜೋಡಿಸಿದೆ. ಒಂದು ಗೇಣೂ ಆಗಲಿಲ್ಲ.