1800 ಕಿಲೋಜೂಲ್ ಆದ ಮೇಲೆ

14 ಡಿಸೆಂಬರ್ 2025, ಭಾನುವಾರ
ವಿಜಯಪುರ

“ಟೆಸ್ಟಿನ್ಯಾಗ 330 ಬರ್ತದ್ರೀ ಸರ. ರೇಸಿನ್ಯಾಗ ಕಡೀ ಹತ್ತು ಕಿಲೋಮೀಟರ್ ಬಂತಂದ್ರ ಕಾಲು ಕಲ್ಲ ಆಗ್ತಾವು.”

ಕೊಲ್ಹಾರ ರಸ್ತೆಯಿಂದ ಸೈಕಲ್ ತುಳಿದು ವಾಪಸ್ ಬಂದು ಹೆಲ್ಮೆಟ್ ತೆಗೆಯೋ ಮೊದಲೇ, ನಾನು ತರಬೇತಿ ಕೊಡೋ ಹುಡುಗ ಅಂದ ಮಾತು. ಜರ್ಸಿಯ ಹಿಂದಿನ ಜೇಬಿನಲ್ಲಿ ಎರಡು ಬಾಳೆಹಣ್ಣು ಸಿಪ್ಪೆ ಕಪ್ಪಾಗಿ ಹಾಗೇ ಕೂತಿದ್ದವು.

330 ವ್ಯಾಟ್ (ಪೆಡಲ್ ತುಳಿಯೋ ಶಕ್ತಿಯ ಅಳತೆ) ಸುಳ್ಳೇನಲ್ಲ. ಚೆನ್ನಾಗಿ ನಿದ್ದೆ ಮಾಡಿ, ಇಪ್ಪತ್ತು ನಿಮಿಷ ವಾರ್ಮ್‌ಅಪ್ ಮಾಡಿ, ಐದು ನಿಮಿಷ ತುಳಿದು ತೆಗೆದ ಸಂಖ್ಯೆ. ಇವತ್ತು ಅದೇ ಐದು ನಿಮಿಷವನ್ನು 1800 ಕಿಲೋಜೂಲ್ (ತುಳಿದ ಒಟ್ಟು ಕೆಲಸದ ಅಳತೆ) ಮುಗಿದ ಮೇಲೆ ಮಾಡಿಸಿದ್ದು. ಬಂದದ್ದು 281. ಶೇ 15ರಷ್ಟು ಇಳಿತ. ಅವನ ತೂಕ 60 ಕೆಜಿ, ಕೆಜಿಗೆ 30 ಕಿಲೋಜೂಲ್ ಅಂತ ಲೆಕ್ಕ. 50 ಕೆಜಿಯ ಹುಡುಗಿಗಾದರೆ 1500 ಸಾಕು. ಎಲ್ಲರಿಗೂ ಒಂದೇ ಅಳತೆ ಅಂತ ನೂರು ಕಿಲೋಮೀಟರ್ ಓಡಿಸಿದರೆ ಎದುರುಗಾಳಿ, ಡ್ರಾಫ್ಟ್ (ಮುಂದಿನವನ ಮರೆಯಲ್ಲಿ ತುಳಿಯೋದು) ಎಲ್ಲ ಸೇರಿ ಲೆಕ್ಕವೇ ಕೆಡುತ್ತದೆ.

ರೇಸ್ ಗೆಲ್ಲೋದು ಈ ಎರಡನೇ ಸಂಖ್ಯೆಯ ಮೇಲೆ. ಇಟಲಿಯ ಮಿಲಾನ್–ಸಾನ್ ರೆಮೊ ರೇಸ್ ನೋಡಿ, 2025ರಲ್ಲಿ 289 ಕಿಲೋಮೀಟರ್. ಅದರ ಕೊನೆಯ ಪೋಜಿಯೋ ಏರು ಬರೀ 3.7 ಕಿಲೋಮೀಟರ್, ಏರಿಕೆ ಸರಾಸರಿ ಶೇ 4ರ ಒಳಗೆ. ಬೆಳಿಗ್ಗೆ ಎದ್ದು ಹೊರಟರೆ ಕ್ಲಬ್ಬಿನ ಹುಡುಗರೂ ಹತ್ತಿಬಿಡ್ತಾರೆ. ಅಲ್ಲಿ ಅದು ಬರೋದು ಆರು ಗಂಟೆ ತುಳಿದ ಮೇಲೆ, ಅದಕ್ಕೂ ಮೊದಲು ಚಿಪ್ರೆಸ್ಸಾ ಏರಿನಲ್ಲಿ ಕಾಲು ಸುಟ್ಟುಕೊಂಡ ಮೇಲೆ. ಆಗಲೂ ಬೆಳಗಿನ ಹತ್ತಿರಹತ್ತಿರದ ವ್ಯಾಟ್ ಕೊಡಬಲ್ಲ ನಾಲ್ಕೈದು ಜನ ಮಾತ್ರ ಮುಂದೆ ಉಳೀತಾರೆ.

ಸಂಜೆ ಇವತ್ತಿನ ರೈಡಿನ ಫೈಲ್ ತೆರೆದೆ. 1800 ಮುಟ್ಟಲು 2 ಗಂಟೆ 50 ನಿಮಿಷ, ಸರಾಸರಿ 176 ವ್ಯಾಟ್. ಮೊದಲರ್ಧ, ಎರಡನೆಯರ್ಧ ಎರಡರಲ್ಲೂ ವ್ಯಾಟ್ ಅಷ್ಟೇ. ಎದೆಬಡಿತ ಮಾತ್ರ 138 ಇದ್ದದ್ದು 152 ಆಗಿದೆ. ವ್ಯಾಟನ್ನು ಬಡಿತದಿಂದ ಭಾಗಿಸಿದರೆ 1.28 ಇದ್ದದ್ದು 1.16, ಶೇ 9ರಷ್ಟು ಜಾರಿದೆ. ಶೇ 5ರ ಒಳಗಿದ್ದರೆ ತಲೆ ಕೆಡಿಸಿಕೊಳ್ತಿರಲಿಲ್ಲ. ಒಂದು ಭಾಗ ಬಿಸಿಲಿನ ಲೆಕ್ಕಕ್ಕೆ ಹೋಗಲಿ, ಒಂಬತ್ತು ಗಂಟೆಗೆಲ್ಲ ರಸ್ತೆ ಕಾಯ್ದಿತ್ತು. ಉಳಿದದ್ದು ಬಾಟಲಿಯ ತಪ್ಪು.

“ಬಾಟ್ಲ್ಯಾಗ ಏನ್ ಹಾಕಿದ್ದಿ ತಮ್ಮಾ?”

“ನಿಂಬಿಹಣ್ಣು, ಉಪ್ಪು. ಸಕ್ರಿ ಒಂದ್ ಚಮಚ.”

ಒಂದು ಚಮಚ ಅಂದರೆ ಐದು ಗ್ರಾಂ! ದಾರಿಯಲ್ಲಿ ತಿಂದ ಒಂದೇ ಬಾಳೆಹಣ್ಣು ಸೇರಿಸಿದರೂ ಮೂರು ಗಂಟೆಗೆ ಮೂವತ್ತು ಗ್ರಾಂ ಕಾರ್ಬೋಹೈಡ್ರೇಟ್. ಬೇಕಾದದ್ದು ಗಂಟೆಗೆ ಅರವತ್ತು. ಮೈಯಲ್ಲಿ ಕೂಡಿಟ್ಟ ಸಕ್ಕರೆ, ಅಂದರೆ ಗ್ಲೈಕೋಜನ್, ನಾಲ್ಕೈದು ನೂರು ಗ್ರಾಂ. ಏರಿನಲ್ಲಿ ಮೂರು ಸಲ ಪೈಪೋಟಿ ಮಾಡಿದರೆ ಅದು ಬೇಗ ಕರಗುತ್ತದೆ. (ಇವತ್ತು ಎರಡು ಸಲ ಗೆಳೆಯನ ಹಿಂದೆ ಬಿದ್ದು 400 ವ್ಯಾಟ್ ದಾಟಿದ್ದಾನೆ. ಒಟ್ಟು ಕಿಲೋಜೂಲ್ ಅಷ್ಟೇ ಇದ್ದರೂ ಹೀಗೆ ಜಿಗಿದು ಜಿಗಿದು ಮಾಡಿದ್ದು ಸಮನಾಗಿ ಮಾಡಿದ್ದಕ್ಕಿಂತ ಬಹಳ ದುಬಾರಿ. ಮುಂದಿನ ಟೆಸ್ಟಿಗೆ ಇವನನ್ನು ಒಬ್ಬನನ್ನೇ ಬಿಡಬೇಕು.)

750 ಮಿಲಿ ಬಾಟಲಿಗೆ ಸಕ್ಕರೆ 60 ಗ್ರಾಂ, ಉಪ್ಪು 1 ಗ್ರಾಂ, ಅರ್ಧ ನಿಂಬೆ. ತಕ್ಕಡಿಯಲ್ಲಿ ತೂಗಿಯೇ ಹಾಕಬೇಕು, ಕಣ್ಣಳತೆ ಬೇಡ. ಗಂಟೆಗೊಂದು ಬಾಟಲಿ. ಸಕ್ಕರೆಯಲ್ಲಿ ಗ್ಲೂಕೋಸ್ ಅರ್ಧ, ಫ್ರಕ್ಟೋಸ್ ಅರ್ಧ. ಕರುಳಿನಲ್ಲಿ ಎರಡಕ್ಕೂ ಬೇರೆ ಬೇರೆ ಬಾಗಿಲು. ಗ್ಲೂಕೋಸ್ ಒಂದೇ ಆದರೆ ಗಂಟೆಗೆ 60 ಗ್ರಾಂ ಸುಮಾರಿಗೆ ಬಾಗಿಲು ತುಂಬಿ ಹೊಟ್ಟೆ ಉಬ್ಬರಿಸುತ್ತದೆ. ಎರಡೂ ಇದ್ದರೆ 90ರವರೆಗೆ ಹೋಗಬಹುದು, ಆದರೆ ಅದಕ್ಕೆ ಹೊಟ್ಟೆಯನ್ನೂ ವಾರಗಟ್ಟಲೆ ಪಳಗಿಸಬೇಕು. ರೇಸಿನ ದಿನ ಮೊದಲ ಸಲ ಕುಡಿದರೆ ರಸ್ತೆ ಬದಿ ಗಿಡ ಹುಡುಕೋದೇ. ಹಸಿವಾಗೋವರೆಗೂ ಕಾಯಬಾರದು, ಇಪ್ಪತ್ತನೇ ನಿಮಿಷಕ್ಕೆ ಮೊದಲ ಗುಟುಕು. ಶೇಂಗಾ ಹೋಳಿಗೆ ಕಟ್ಟಿಕೊಟ್ಟಿದ್ದಾರಂತೆ ಅವರ ಅವ್ವ. ಮುಗಿಸಿ ಬಂದ ಮೇಲೆ ತಿನ್ನಪ್ಪಾ, ಎಣ್ಣೆಕಾಳು ಹೊಟ್ಟೆಯಿಂದ ಬೇಗ ಇಳಿಯಲ್ಲ.

ಜಿಮ್ ಅಂದರೆ ಮುಖ ಸಿಂಡರಿಸ್ತಾನೆ, ಮೈ ತೂಕ ಬರ್ತದ ಅಂತ. ನಾರ್ವೆಯಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನ ಇವನಿಗಾಗಿಯೇ ಮಾಡಿದಂತಿದೆ: ಪಳಗಿದ ಸೈಕ್ಲಿಸ್ಟರಿಗೆ 12 ವಾರ ಭಾರದ ಸ್ಕ್ವಾಟ್, ಒಂಟಿಕಾಲಿನ ಲೆಗ್ ಪ್ರೆಸ್ ಮಾಡಿಸಿ, ಆಮೇಲೆ 185 ನಿಮಿಷ ತುಳಿಸಿ ಕೊನೆಗೆ ಐದು ನಿಮಿಷದ ಟೆಸ್ಟ್. ಭಾರ ಎತ್ತಿದವರ ವ್ಯಾಟ್ ಸುಮಾರು ಶೇ 7 ಏರಿತು, ಬರೀ ಸೈಕಲ್ ತುಳಿದವರದ್ದು ಹೆಚ್ಚಲಿಲ್ಲ. ವಾರಕ್ಕೆರಡು ಸಲ, ಹತ್ತು ಸಲಕ್ಕಿಂತ ಹೆಚ್ಚು ಎತ್ತಲಾಗದಷ್ಟು ಭಾರ. ಇಪ್ಪತ್ತು ಮೂವತ್ತು ಸಲ ಎತ್ತಬಹುದಾದ ಭಾರ ಲೆಕ್ಕಕ್ಕಿಲ್ಲ.

ಭಾನುವಾರದ ಲಾಂಗ್ ರೈಡಿನಲ್ಲೂ ಬದಲಾವಣೆ: ನಾಲ್ಕು ಗಂಟೆ ಮಾತಾಡುತ್ತಾ ತುಳಿಯುವ ವೇಗ, ಕೊನೆಯ ಅರ್ಧ ಗಂಟೆಯಲ್ಲಿ ನಾಲ್ಕು ನಿಮಿಷ ಜೋರಾಗಿ ತುಳಿಯೋ ಮೂರು ಏಟು, ನಡುವೆ ನಾಲ್ಕು ನಿಮಿಷ ಬಿಡುವು. ತಿಂಗಳಿಗೆ ಎರಡು ಭಾನುವಾರ ಸಾಕು. ಪ್ರತಿ ವಾರ ಮಾಡಿದರೆ ಮಂಗಳವಾರದ ಇಂಟರ್ವಲ್ (ಜೋರು, ಬಿಡುವು ಅಂತ ತುಳಿಯೋ ತಾಲೀಮು) ಹಾಳು.

ಲೈಟ್ ಆರಿಸೋ ಹೊತ್ತಿಗೆ ಇನ್ನೊಂದು ತಲೆಗೆ ಬಂತು. ವ್ಯಾಟ್ ಅಳೆಯೋ ಅವನ ಮೀಟರ್ ಎಡಗಡೆ ಕ್ರ್ಯಾಂಕಿಗೆ (ಪೆಡಲಿನ ತೋಳಿಗೆ) ಮಾತ್ರ ಇರೋದು, ಎಡಗಾಲಿನ ವ್ಯಾಟನ್ನೇ ಎರಡು ಪಟ್ಟು ಮಾಡಿ ತೋರಿಸುತ್ತೆ. ದಣಿದಾಗ ಅವನು ಬಲಕ್ಕೆ ವಾಲುವವನಾದರೆ 281 ನಿಜವಾಗಿ 295 ಇರಬಹುದು. ಹೊರಡೋ ಮುಂಚೆ ಮೀಟರನ್ನು ಜೀರೋಗೆ ಹೊಂದಿಸಿದ್ದನೋ ಇಲ್ಲವೋ, ಅದನ್ನೂ ಕೇಳಲಿಲ್ಲ. ಎರಡೂ ಕಡೆಯ ಪೆಡಲ್ ಮೀಟರ್ ಯಾರ ಹತ್ತಿರ ಇದೆ ಈಗ