ಹೊಗೆಯ ಹಿಂದೆ ನಿಲ್ಲಿಸಿದ ದೀಪ

ಮಲೆನಾಡಿನ ಹಂಚಿನ ಮನೆಗಳಲ್ಲಿ ಅಡುಗೆಮನೆಯ ಮಾಡಿನಲ್ಲಿ ಒಂದೆರಡು ಗಾಜಿನ ಹೆಂಚು ಇದ್ದೇ ಇರುತ್ತವೆ. ಬೆಳಗಿನ ತಿಂಡಿ ಮುಗಿದು ಒಲೆಯಲ್ಲಿ ಕೊಳ್ಳಿ ಇನ್ನೂ ಹೊಗೆಯಾಡುತ್ತಿರುವಾಗ ಆ ಹೆಂಚಿನಿಂದ ಬಿಸಿಲುಕೋಲೊಂದು ಓರೆಯಾಗಿ ಇಳಿದು ನೆಲ ಮುಟ್ಟುತ್ತದೆ. ಒಲೆ ಹಚ್ಚದ ದಿನ ಅದೇ ಬಿಸಿಲು ನೆಲದ ಮೇಲೆ ಬರೀ ಒಂದು ಬಿಳಿ ಚೌಕ. ಹೆಂಚಿಗೂ ನೆಲಕ್ಕೂ ನಡುವೆ ಏನೂ ಕಾಣುವುದಿಲ್ಲ. ಸಿನಿಮಾದಂತೆ ಕಾಣುವ ಫೋಟೊ ತೆಗೆಯುವುದು ಹೇಗೆ ಎಂದು ಯಾರು ಕೇಳಿದರೂ ನಾನು ಮೊದಲು ಈ ಹೆಂಚಿನ ಕೆಳಗೆ ಕರೆದುಕೊಂಡು ಹೋಗುತ್ತೇನೆ. ಯಾವ ಕ್ಯಾಮೆರಾ, ಯಾವ ಲೆನ್ಸ್ ಎಂಬ ಮಾತು ಆಮೇಲೆ.

ಬಿಸಿಲುಕೋಲಿನ ಸುತ್ತ ಒಂದು ಸುತ್ತು ಬಂದರೆ ಸಾಕು, ಪಾಠ ಅರ್ಧ ಮುಗಿದಂತೆ. ಬೆಳಕು ನಮ್ಮ ಕಡೆಗೆ ಬರುತ್ತಿದೆ ಎನ್ನುವ ಜಾಗದಲ್ಲಿ ನಿಂತಾಗ ಹೊಗೆಯ ಒಂದೊಂದು ಎಳೆಯೂ ಹೊಳೆಯುತ್ತದೆ. ಬೆನ್ನ ಹಿಂದಿನಿಂದ ಬೆಳಕು ಬರುವ ಜಾಗಕ್ಕೆ ಹೋದರೆ ಕೋಲು ಮಂಕಾಗಿ, ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಹೊಗೆಯಲ್ಲಿರುವಂಥ, ಬೆಳಕಿನ ಅಲೆಯುದ್ದದಷ್ಟೇ ಗಾತ್ರದ ಕಣಗಳು ತಮಗೆ ತಾಗಿದ ಬೆಳಕನ್ನು ಎಲ್ಲ ದಿಕ್ಕಿಗೂ ಸಮನಾಗಿ ಚದುರಿಸುವುದಿಲ್ಲ, ಬಹುಪಾಲನ್ನು ಮುಂದಕ್ಕೇ ತಳ್ಳುತ್ತವೆ. ಆದ್ದರಿಂದ ದೀಪ ಹೊಗೆಯ ಆಚೆ ಬದಿಗಿರಬೇಕು, ಕ್ಯಾಮೆರಾ ಈಚೆ ಬದಿಗೆ. ಕ್ಯಾಮೆರಾದ ತಲೆಯ ಮೇಲಿನ ಫ್ಲ್ಯಾಶ್ ಹೊಡೆದರೆ ಎಂಥ ಚೆಂದದ ಹೊಗೆಯೂ ಒದ್ದೆ ಪಂಚೆ ಹರಡಿದ ಹಾಗೆ ಬೂದುಬಣ್ಣದ ಪರದೆಯಾಗಿ ಮುಂದೆ ಬಂದು ನಿಲ್ಲುತ್ತದೆ, ಹಿಂದಿರುವ ಮನುಷ್ಯ ಮರೆಯಾಗುತ್ತಾನೆ.

ನಾನು ತೀರ್ಥಹಳ್ಳಿಯಲ್ಲಿ ಸ್ಟುಡಿಯೊ ನಡೆಸುತ್ತೇನೆ. ಮದುವೆ, ಉಪನಯನ, ಗೃಹಪ್ರವೇಶಗಳ ಫೋಟೊಗಳೇ ಹೊಟ್ಟೆಪಾಡು. ಧನುರ್ಮಾಸದಲ್ಲಿ ಮುಹೂರ್ತಗಳಿರುವುದಿಲ್ಲ, ಆದರೆ ಅಡಿಕೆ ಸುಗ್ಗಿ ಜೋರಾಗಿರುತ್ತದೆ. ಆ ತಿಂಗಳು ನನ್ನದು. ಬಣ್ಣ ಬದಲಿಸುವ ಎಲ್‌ಇಡಿ ಟ್ಯೂಬ್, ಬಣ್ಣದ ಜಿಲೇಟಿನ್ ಹಾಳೆಗಳ ಸುರುಳಿ, ಸಾಂಬ್ರಾಣಿ, ಒಂದು ಧೂಪಾರತಿ ಕಟ್ಟಿಕೊಂಡು ಚಿಕ್ಕಪ್ಪನ ತೋಟದ ಮನೆಗೆ ಹೋಗಿಬಿಡುತ್ತೇನೆ.

ಅಲ್ಲಿ ಅಡಿಕೆ ಬೇಯಿಸುವ ಕೊಟ್ಟಿಗೆ ಇದೆ. ಹಗಲೆಲ್ಲ ಸುಲಿದ ಅಡಿಕೆಯನ್ನು ಸಂಜೆ ಹಂಡೆಗೆ ಹಾಕುತ್ತಾರೆ, ಚೊಗರು, ಅಂದರೆ ಅಡಿಕೆ ಬೆಂದ ನೀರು, ಕುದಿಯುತ್ತದೆ, ಕೆಳಗೆ ಒಲೆ, ಮೇಲೆ ಆವಿ. ಈ ಒಂದು ಜಾಗದಲ್ಲಿ ಹೊಗೆಯೂ ಆವಿಯೂ ಅಕ್ಕಪಕ್ಕ ಸಿಗುವುದರಿಂದ ಎರಡರ ಗುಣ ಬೇರೆ ಬೇರೆ ಎಂಬುದು ಕಣ್ಣಿಗೇ ಗೊತ್ತಾಗುತ್ತದೆ. ಆವಿ ಎಂದು ನಾವು ನೋಡುವುದು ನೀರಿನ ಹನಿಗಳನ್ನು. ಅವು ಬೆಳಕಿನ ಅಲೆಗಿಂತ ಎಷ್ಟೋ ದೊಡ್ಡವು, ಎಲ್ಲ ಬಣ್ಣವನ್ನೂ ಒಂದೇ ಸಮ ಚದುರಿಸುತ್ತವೆ. ಹಾಗಾಗಿ ಆವಿಗೆ ಯಾವ ಬಣ್ಣದ ದೀಪ ಹಿಡಿದರೂ ಆ ಬಣ್ಣವೇ ಬರುತ್ತದೆ. ಕಟ್ಟಿಗೆಯ ತೆಳುಹೊಗೆ ಹಾಗಲ್ಲ. ಅದರ ಕಣಗಳು ಆ ಹನಿಗಳಿಗಿಂತ ತೀರಾ ಸಣ್ಣವು, ನೀಲಿಯನ್ನು ಹೆಚ್ಚು ಚದುರಿಸುತ್ತವೆ, ಕೆಂಪನ್ನು ಕಡಿಮೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜಾನ್ ಟಿಂಡಾಲ್ ಈ ನೀಲಿಯನ್ನು ಪ್ರಯೋಗಾಲಯದಲ್ಲಿ ಹಿಡಿದು ನೋಡಿದ್ದರು. ಬಚ್ಚಲ ಒಲೆಯ ಹೊಗೆ ಹಂಚಿನ ಸಂದಿಯಿಂದ ಏಳುವಾಗ ಗಮನಿಸಿ: ಹಿಂದೆ ಕಪ್ಪು ತೋಟವಿದ್ದಲ್ಲಿ ಅದು ನೀಲಿ, ಅದೇ ಹೊಗೆ ಮೇಲೇರಿ ಬಿಳಿ ಆಕಾಶದ ಮುಂದೆ ಬಂದಾಗ ಕಂದು. ಕೆಂಪು ದೀಪಕ್ಕೆ ತೆಳುಹೊಗೆ ಸಾಲದು, ದಟ್ಟವಾಗಿರಬೇಕು, ಇಲ್ಲವೇ ಆವಿ ಬೇಕು. ನೀಲಿ ದೀಪಕ್ಕೆ ಸಾಂಬ್ರಾಣಿಯ ಒಂದು ಎಳೆ ಸಾಕು.

ಚಿಕ್ಕಪ್ಪ ಹಂಡೆಯ ಮುಂದೆ ನಿಂತಿರುವ ಚಿತ್ರ ನನಗೆ ಬಲು ಪ್ರಿಯವಾದದ್ದು. ಬೆಳಕಿನ ಬಣ್ಣ ಅಳೆಯುವ ಮಾನದಲ್ಲಿ ಒಲೆಯ ಬೆಂಕಿ ಸುಮಾರು 1900 ಕೆಲ್ವಿನ್‌ನ ಬೆಳಕು, ಅಂದರೆ ಕೆಂಪಿಗೆ ವಾಲುವ ಕಿತ್ತಳೆ. ಯಾವ ಬೆಳಕನ್ನು ಬಿಳಿ ಎಂದು ಎಣಿಸಬೇಕೆಂದು ಕ್ಯಾಮೆರಾಕ್ಕೆ ಹೇಳುವ ವೈಟ್ ಬ್ಯಾಲೆನ್ಸನ್ನು 3200ಕ್ಕೆ ಇಟ್ಟರೆ ಬೆಂಕಿ ಹದವಾದ ಜೇನುಬಣ್ಣಕ್ಕೆ ಬರುತ್ತದೆ, ಬಾಗಿಲಾಚೆಯ ಮುಸ್ಸಂಜೆ ತಾನಾಗಿಯೇ ಗಾಢ ನೀಲಿಯಾಗುತ್ತದೆ. ಡಿಸೆಂಬರಿನಲ್ಲಿ ಸೂರ್ಯ ಮುಳುಗಿದ ಮೇಲೆ ಆರೂಕಾಲರಿಂದ ಆರೂವರೆಯವರೆಗೆ ಆ ನೀಲಿ ಇರುತ್ತದೆ. ಅಷ್ಟರಲ್ಲಿ ಹಂಡೆ ಕುದಿಯುತ್ತಿರಬೇಕು. ಹಿಂಬಾಗಿಲಿನ ಹೊರಗೆ, ಚಿಕ್ಕಪ್ಪನ ಬೆನ್ನಿಗೆ ಸರಿಯಾಗಿ, ನೀಲಿ ಟ್ಯೂಬನ್ನು ಅಡ್ಡಲಾಗಿ ಕಟ್ಟುತ್ತೇನೆ. ಅದರ ಕೆಲಸ ಆಕಾಶದ ನೀಲಿಗೆ ಸ್ವಲ್ಪ ಬಲ ಕೊಡುವುದು ಮಾತ್ರ. ಸೆನ್ಸರಿನ ಸೂಕ್ಷ್ಮತೆ ಐಎಸ್‌ಒ 1600, ಲೆನ್ಸಿನ ಕಿಂಡಿ ಎಫ್ 2.8, ಶಟರ್ ತೆರೆದಿರುವ ಹೊತ್ತು 1/125 ಸೆಕೆಂಡ್. ಬೆಂಕಿ ಕೆಳಗಿನಿಂದ ಗಲ್ಲ, ಮೂಗಿನ ಹೊಳ್ಳೆ, ಹುಬ್ಬಿನ ಅಡಿಭಾಗವನ್ನು ಬೆಳಗುತ್ತದೆ. ನೀಲಿ ಹಿಂದಿನಿಂದ ಕಿವಿಯ ಅಂಚನ್ನು, ಕ್ಷೌರ ಮಾಡದ ಬಿಳಿಗಡ್ಡದ ಒಂದೊಂದು ಕೂದಲನ್ನು ಎತ್ತಿ ತೋರಿಸುತ್ತದೆ. ಹುಬ್ಬಿನ ತುದಿಯಲ್ಲಿ ಆವಿ ಹನಿಗಟ್ಟಿ ನಿಂತಿರುತ್ತದೆ: ಆ ಹನಿಯ ಕೆಳಗಿನ ಅರ್ಧ ಜೇನುಬಣ್ಣ, ಮೇಲಿನ ಅರ್ಧ ನೀಲಿ. ಚೊಗರಿಗೆ ಕಪ್ಪಾದ ಉಗುರುಗಳ ಮೇಲೂ ಎರಡೂ ಬಣ್ಣ. ಇದನ್ನು ಯಾವ ತಂತ್ರಾಂಶದಿಂದಲೂ ಆಮೇಲೆ ಬಳಿಯಲಾಗದು.

ಹೊಗೆಯ ಚಲನೆಯನ್ನು ಶಟರ್ ನಿರ್ಧರಿಸುತ್ತದೆ. 1/250ರಲ್ಲಿ ಸುರುಳಿಗಳು ಕೆತ್ತಿದಂತೆ ನಿಲ್ಲುತ್ತವೆ, 1/30ರಲ್ಲಿ ರೇಷ್ಮೆಯಂತೆ ಹರಡುತ್ತವೆ. ನನಗೆ ಎರಡರ ನಡುವಿನದೇ ಇಷ್ಟ. ಆದರೆ ಮನೆಯ ಸಾಮಾನ್ಯ ಎಲ್‌ಇಡಿ ಬಲ್ಬಿಗೆ ಹಾಳೆ ಸುತ್ತಿ ತೆಗೆಯುವವರು 1/50 ಅಥವಾ 1/100ರಲ್ಲೇ ಇರಬೇಕು. ನಮ್ಮ ಕರೆಂಟು 50 ಹರ್ಟ್ಜ್, ಅಗ್ಗದ ಬಲ್ಬು ಸೆಕೆಂಡಿಗೆ 100 ಸಲ ಮಿಣುಕುತ್ತದೆ, ಬೇರೆ ವೇಗದಲ್ಲಿ ಚಿತ್ರದ ಮೇಲೆ ಪಟ್ಟೆ ಬೀಳುತ್ತದೆ. ಹಳೆಯ ಹ್ಯಾಲೊಜೆನ್ ದೀಪಕ್ಕಂತೂ ಅಂಗಡಿಯ ಜಿಲೇಟಿನ್ ಕಾಗದವನ್ನು ಎಂದಿಗೂ ಒತ್ತಿ ಸುತ್ತಬಾರದು. ಕಾಗದ ಕರಗುತ್ತದೆ, ಹೊತ್ತಿಕೊಳ್ಳಲೂಬಹುದು. ಗಾಢ ನೀಲಿ ಹಾಳೆ ದೀಪದ ಬಹುಪಾಲು ಬೆಳಕನ್ನು ನುಂಗುತ್ತದೆ. ಇನ್ನೊಂದು ದೀಪ ತರುವ ಮೊದಲು ಇರುವುದನ್ನೇ ಹತ್ತಿರ ತನ್ನಿ. ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟಾಗುತ್ತದೆ.

ಬಣ್ಣದ ವಿಷಯದಲ್ಲಿ ನನಗೆ ಒಂದು ಹಟವಿದೆ. ಚಿತ್ರದಲ್ಲಿರುವ ಪ್ರತಿ ಬಣ್ಣಕ್ಕೂ ಆ ಜಾಗದಲ್ಲೇ ಒಂದು ಕಾರಣ ಇರಬೇಕು. ಕಿತ್ತಳೆಗೆ ಒಲೆ ಇದೆ, ನೀಲಿಗೆ ಮುಸ್ಸಂಜೆ ಇದೆ, ಹಸಿರಿಗೆ ತೋಟದೊಳಗೆ ಎಲೆಗಳನ್ನು ದಾಟಿ ಬರುವ ಬೆಳಕಿದೆ. ನೇರಳೆ, ಗುಲಾಬಿಗಳಿಗೆ ನಮ್ಮ ಕೊಟ್ಟಿಗೆಯಲ್ಲಿ ಕಾರಣವಿಲ್ಲ. ಶಿವಮೊಗ್ಗದ ನೆಹರೂ ರಸ್ತೆಯ ಅಂಗಡಿ ಫಲಕಗಳ ಕೆಳಗೆ ಮಳೆ ಬಿದ್ದ ರಾತ್ರಿ ಅವಕ್ಕೂ ಕಾರಣ ಸಿಗುತ್ತದೆ, ಅಲ್ಲಿ ಧಾರಾಳವಾಗಿ ಬಳಸುತ್ತೇನೆ. ನೋಡುವವರು ಈ ಕಾರಣವನ್ನು ಬಾಯಿಬಿಟ್ಟು ಹೇಳಲಾರರು, ಆದರೆ ಅದು ಇಲ್ಲದಿದ್ದಾಗ ಅವರ ಕಣ್ಣು ಚಿತ್ರವನ್ನು ನಂಬುವುದಿಲ್ಲ. ಇನ್ನೊಂದು ಮಾತು: ಮುಖವನ್ನು ನೀಲಿಗೋ ಹಸಿರಿಗೋ ಪೂರ್ತಿ ಒಪ್ಪಿಸಬೇಡಿ. ನಮ್ಮ ಕಂದು ಮೈಬಣ್ಣ ಅವುಗಳಲ್ಲಿ ಬೂದಿಯಾಗುತ್ತದೆ. ಹೊಗೆಗೆ ಯಾವ ಬಣ್ಣ ಬೇಕಾದರೂ ಕೊಡಿ, ಚರ್ಮಕ್ಕೆ ಬೆಚ್ಚನೆಯ ಬೆಳಕು ಕೊಡಿ. ಗಾಢ ಕೆಂಪು ಎಲ್‌ಇಡಿಯಲ್ಲಿ ಇನ್ನೊಂದು ತೊಂದರೆ, ಸೆನ್ಸರಿನ ಕೆಂಪು ಚಾನೆಲ್ ಒಂದೇ ತುಂಬಿ ಉಕ್ಕುತ್ತದೆ. ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ, ಅಂದರೆ ಒಟ್ಟು ಹಿಸ್ಟೊಗ್ರಾಮ್, ಸರಿಯಾಗಿಯೇ ಕಂಡರೂ ಕೆನ್ನೆಯ ವಿವರವೆಲ್ಲ ಕಳೆದಿರುತ್ತದೆ. ಮೂರು ಬಣ್ಣಗಳನ್ನು ಬೇರೆಬೇರೆಯಾಗಿ ತೋರಿಸುವ ಹಿಸ್ಟೊಗ್ರಾಮ್ ನೋಡಿ, ಒಂದು ಸ್ಟಾಪ್, ಅಂದರೆ ಬೆಳಕು ಅರ್ಧವಾಗುವಷ್ಟು, ಕಡಿಮೆ ಮಾಡಿ, ಕ್ಯಾಮೆರಾ ತಿದ್ದದೆ ಉಳಿಸುವ ರಾ ಕಡತದಲ್ಲಿ ತೆಗೆಯಿರಿ.

ದೊಡ್ಡ ಬಿಸಿಲುಕೋಲು ಬೇಕಾದಾಗ ನನಗೆ ನೆನಪಾಗುವುದು ವಿ. ಕೆ. ಮೂರ್ತಿಯವರು. ಮೈಸೂರಿನಲ್ಲಿ ಹುಟ್ಟಿದವರು, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತವರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದಾಗ ಆ ಗೌರವ ಸಂದ ಮೊದಲ ಛಾಯಾಗ್ರಾಹಕರು ಅವರು. 1959ರ 'ಕಾಗಜ್ ಕೆ ಫೂಲ್' ಚಿತ್ರದ ಪ್ರಸಿದ್ಧ ಬೆಳಕಿನ ಕಂಬವನ್ನು ಅವರು ಮಾಡಿದ್ದು ದೊಡ್ಡ ಕನ್ನಡಿಗಳಿಂದ, ಹೊರಗಿನ ಬಿಸಿಲನ್ನು ಸ್ಟುಡಿಯೊದೊಳಕ್ಕೆ ಹಾಯಿಸಿ. ಸೂರ್ಯನಷ್ಟು ದೂರದ ದೀಪ ಇನ್ನೊಂದಿಲ್ಲವಾದ್ದರಿಂದ ಆ ಕಂಬದ ಅಂಚುಗಳು ಹರಡದೆ ನೆಟ್ಟಗೆ ನಿಲ್ಲುತ್ತವೆ. ಹತ್ತಿರದ ಬಲ್ಬು ಈ ಕೆಲಸ ಮಾಡಲಾರದು.

ಚಿಕ್ಕಮ್ಮನ ಬೀರುವಿನ ಕನ್ನಡಿಯನ್ನು ಬಿಚ್ಚಿ ಅಂಗಳದಲ್ಲಿ ನಿಲ್ಲಿಸಿ, ಕೊಟ್ಟಿಗೆಯ ಬಾಗಿಲಿನಿಂದ ಒಳಗೆ ಬಿಸಿಲು ಹಾಯಿಸಿದೆವು. ಒಳಗೆ ಧೂಪಾರತಿಯ ಕೆಂಡದ ಮೇಲೆ ಸಾಂಬ್ರಾಣಿ. ಚಿಕ್ಕಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದು ಹೇಳಿದರು: "ಹೊಗೆಯನ್ನು ಹೊರಗೆ ಅಟ್ಟುವುದಕ್ಕೆ ನಾವು ಜೀವಮಾನವೆಲ್ಲ ಒದ್ದಾಡಿದೆವು ಕೂಸೇ, ನೀನು ಹುಡುಕಿಕೊಂಡು ಬಂದು ಒಳಗೆ ತುಂಬುತ್ತೀಯಲ್ಲ." ಆ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. ಒಲೆಯ ಮುಂದೆ ಕೂತು ಕಣ್ಣು ಕೆಂಪಾಗಿಸಿಕೊಂಡ ಹೆಂಗಸರ ಮನೆಯಲ್ಲಿ ಹೊಗೆ ಬರೀ ಚೆಂದದ ವಸ್ತುವಲ್ಲ. ಅದಕ್ಕೇ ಎರಡು ಬಾಗಿಲು ತೆರೆದಿಟ್ಟೇ ಕೆಲಸ ಮಾಡುತ್ತೇನೆ, ಉಬ್ಬಸ ಇರುವವರನ್ನು ಹೊರಗೇ ಕೂರಿಸುತ್ತೇನೆ. ಕನ್ನಡಿ ಹಿಡಿಯಲು ಮಾತ್ರ ಒಬ್ಬರು ಕದಲದೆ ಇರಬೇಕು. ಸೂರ್ಯ ಗಂಟೆಗೆ 15 ಡಿಗ್ರಿ ಜರುಗುವುದರಿಂದ ಐದು ಮೀಟರ್ ಆಚೆಯ ಗೋಡೆಯ ಮೇಲೆ ಬೆಳಕಿನ ಚೌಕ ನಿಮಿಷಕ್ಕೆ ಸುಮಾರು ಎರಡು ಸೆಂಟಿಮೀಟರ್ ಜಾರುತ್ತದೆ. ಚಿಕ್ಕಪ್ಪನ ಮಗ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ ಕನ್ನಡಿಯನ್ನು ಬೆರಳಷ್ಟು ಬೆರಳಷ್ಟು ತಿರುಗಿಸುತ್ತಿದ್ದ. ಹೊಗೆ ಹಾಕಿದ ತಕ್ಷಣ ನಾನು ಶಟರ್ ಒತ್ತುವುದಿಲ್ಲ. ಮೊದಲು ಅದು ಗಡ್ಡೆಗಡ್ಡೆಯಾಗಿರುತ್ತದೆ. ಎರಡು ಮೂರು ನಿಮಿಷ ಬಿಟ್ಟರೆ ಮಾಡಿನ ಕೆಳಗೆ ತೆಳುವಾಗಿ ಹರಡಿ, ಹಿಂದಿನ ಕಂಬಕ್ಕೂ ಮುಂದಿನ ಕಂಬಕ್ಕೂ ಎಷ್ಟು ದೂರ ಎಂಬುದು ಚಿತ್ರದಲ್ಲಿ ಗೊತ್ತಾಗತೊಡಗುತ್ತದೆ. ನನಗೆ ಹೊಗೆ ಬೇಕಾಗಿರುವುದು ಈ ಆಳಕ್ಕಾಗಿ.

ಹೊಗೆಯಂತ್ರವೂ ಇದೆ, ಗ್ಲೈಕಾಲ್ ಅಥವಾ ಗ್ಲಿಸರಿನ್ ಬೆರೆಸಿದ ನೀರನ್ನು ಕಾಯಿಸಿ ಹನಿಮಂಜು ಮಾಡುವಂಥದ್ದು. ಪಟ್ಟಣದ ಸಭಾಂಗಣಕ್ಕೆ ಸರಿ. ತೋಟದ ಮನೆಗೆ ಅಡಿಕೆ ಸಿಪ್ಪೆ, ತೆಂಗಿನ ನಾರು, ಸಾಂಬ್ರಾಣಿ ಸಾಕು. ಬಣ್ಣದ ಹೊಗೆ ಉಗುಳುವ ಪಟಾಕಿಯಂಥ ಡಬ್ಬಿಗಳನ್ನು ನಾನು ಮುಟ್ಟುವುದಿಲ್ಲ. ಒಣ ತರಗೆಲೆಯ ಮೇಲೆ ಅದರ ಒಂದು ಕಿಡಿ ಬಿದ್ದರೆ ಗುಡ್ಡವೇ ಹೋಗುತ್ತದೆ. ಚಳಿಗಾಲದಿಂದ ಮಳೆ ಹಿಡಿಯುವವರೆಗೆ ಕಾಡಿನೊಳಗೆ ಚಿತ್ರ ತೆಗೆಯುವ ಉಮೇದನ್ನೂ ತಡೆದುಕೊಳ್ಳುತ್ತೇನೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇಂದಿಗೂ ಈ ತಿಂಗಳುಗಳಲ್ಲೇ ಉಣುಗುಗಳಿಂದ ಹರಡುತ್ತದೆ. ರೂಪದರ್ಶಿಯನ್ನು ತರಗೆಲೆಯ ಮೇಲೆ ಕೂರಿಸುವ ಮುಂಚೆ ಇದು ನೆನಪಿರಲಿ.

ಮಳೆಗಾಲದಲ್ಲಿ ಹೊಗೆ ಹಾಕುವ ಕೆಲಸವೇ ಇಲ್ಲ. ಆಗುಂಬೆಯಲ್ಲಿ, ಕವಲೇದುರ್ಗದ ಹೆಬ್ಬಾಗಿಲಲ್ಲಿ ಮಂಜು ತಾನೇ ಬಂದು ನಿಲ್ಲುತ್ತದೆ. ಕಂಬಳಿ ಕೊಪ್ಪೆ ಹಾಕಿಕೊಂಡವರ ಬೆನ್ನ ಹಿಂದೆ ಹಳದಿ ಹಾಳೆ ಸುತ್ತಿದ ಒಂದು ಟಾರ್ಚ್ ಇಟ್ಟರೆ ಕಂಬಳಿಯ ಉಣ್ಣೆಯ ಎಳೆಗಳೆಲ್ಲ ಹೊಳೆದು ಆಳು ಮಂಜಿನಿಂದ ಬೇರೆಯಾಗಿ ನಿಲ್ಲುತ್ತಾನೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಮುಂದಿನ ಕೆಲಸದ ಮಾತು. ಬಣ್ಣದ ಬೆಳಕು, ಹೊಗೆ ನಮ್ಮ ಕಡೆ ಹೊಸದಲ್ಲ. ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬರುವಾಗ ದೊಂದಿಗೆ ರಾಳದ ಪುಡಿ ಎರಚುತ್ತಿದ್ದರು. ಭಗ್ಗನೆ ಎದ್ದ ಜ್ವಾಲೆ, ಅದರ ಹಿಂದಿನ ಕಪ್ಪು ಹೊಗೆಯ ನಡುವೆ ರಾಕ್ಷಸನ ಕಿರೀಟ ಕಾಣುತ್ತಿತ್ತು. ಇಂದಿನ ರಂಗದ ಕೆಂಪು ಎಲ್‌ಇಡಿಯಲ್ಲಿ ಮುಖದ ಕೆಂಪೂ ಬಿಳಿಯೂ ಒಂದೇ ಆಗಿಬಿಡುತ್ತವೆ, ವೇಷದ ಹಸಿರು ಕಪ್ಪಾಗುತ್ತದೆ. ಬೆಂಕಿಯ ಬೆಳಕಿನಲ್ಲಿ ಹಾಗಲ್ಲ, ಅದರಲ್ಲಿ ಎಲ್ಲ ಬಣ್ಣವೂ ಇರುವುದರಿಂದ ಮುಖವರ್ಣಿಕೆಯ ಒಂದೊಂದು ಗೆರೆಯೂ ಉಳಿಯುತ್ತದೆ. ಹಿರಿಯ ವೇಷಧಾರಿಯೊಬ್ಬರು ಒಪ್ಪಿದ್ದಾರೆ, ರಾಳ ಎರಚಲು ಅನುಭವಸ್ಥರೂ ಸಿಕ್ಕಿದ್ದಾರೆ. ಎದುರಿಗೆ ದೊಂದಿ, ಬೆನ್ನಿಗೆ ಗ್ಯಾಸ್‌ಲೈಟಿನ ಬಿಳಿ ಬೆಳಕು ಇಟ್ಟು ಮಳೆ ಹಿಡಿಯುವ ಮೊದಲು ತೆಗೆಯಬೇಕೆಂದಿದ್ದೇನೆ. ತೀರ್ಥಹಳ್ಳಿ, ಕೊಪ್ಪ, ಹೊಸನಗರದ ಕಡೆ ಯಾರ ಅಟ್ಟದಲ್ಲಾದರೂ ಪಂಪು ಸರಿಯಿರುವ ಹಳೆಯ ಗ್ಯಾಸ್‌ಲೈಟ್ ಇದ್ದರೆ ದಯವಿಟ್ಟು ತಿಳಿಸಿ. ಮ್ಯಾಂಟಲ್, ಸೀಮೆಎಣ್ಣೆ ನಾನೇ ತರುತ್ತೇನೆ, ಒರೆಸಿ ಶುಚಿಮಾಡಿ ಹಿಂದಿರುಗಿಸುತ್ತೇನೆ.